ಕೇಳಿಸುವ ದೂರದಲ್ಲಿ ಕೂಗುವ ಹಕ್ಕು

ಬೆಂಗಳೂರಿನಲ್ಲಿ ಇವತ್ತು ಧರಣಿ ಕೂರಬೇಕೆಂದರೆ ಪೊಲೀಸರು ತೋರಿಸುವ ಜಾಗ ಒಂದೇ: ಶೇಷಾದ್ರಿ ರಸ್ತೆಯ ಪಕ್ಕದ ಫ್ರೀಡಂ ಪಾರ್ಕ್. ಒಂದು ಕಾಲಕ್ಕೆ ಇದು ಸೆಂಟ್ರಲ್ ಜೈಲು. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ ಬೆಂಗಳೂರಿನಲ್ಲಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಹಿಡಿದು ತಂದದ್ದು ಇಲ್ಲಿಗೇ. ನಟಿ ಸ್ನೇಹಲತಾ ರೆಡ್ಡಿ ಉಬ್ಬಸದಿಂದ ನರಳುತ್ತ ತಿಂಗಳುಗಟ್ಟಲೆ ಇದ್ದದ್ದೂ ಇಲ್ಲೇ. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಆಮೇಲೆ ಜೈಲು ಪರಪ್ಪನ ಅಗ್ರಹಾರಕ್ಕೆ ಹೋಯಿತು, 2008ರಲ್ಲಿ ಉದ್ಯಾನ ತೆರೆಯಿತು. ಕಾವಲು ಗೋಪುರ ಹಾಗೇ ಉಳಿಯಿತು.

ಆಡಳಿತವನ್ನು ಟೀಕಿಸಿದವರನ್ನು ಕೂಡಿಹಾಕಿದ್ದ ಜಾಗವನ್ನೇ ಟೀಕೆಗೆ ಬಿಟ್ಟುಕೊಟ್ಟದ್ದು ಒಳ್ಳೆಯದೇ. ಆದರೆ ಇಡೀ ಮಹಾನಗರದಲ್ಲಿ ಅದೊಂದೇ ಜಾಗ ಎಂದಾಗ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಎದುರಾಗುತ್ತದೆ. ವಾಕ್ ಸ್ವಾತಂತ್ರ್ಯದ ಬಗ್ಗೆ ನಮ್ಮಲ್ಲಿ ನಡೆದ ಚರ್ಚೆಯಲ್ಲಿ ಹೆಚ್ಚಿನದು ಏನು ಹೇಳಬಹುದು, ಏನು ಹೇಳಬಾರದು ಎಂಬುದರ ಸುತ್ತಲೇ ಸುತ್ತಿದೆ. ಎಲ್ಲಿ ನಿಂತು, ಯಾರಿಗೆ ಕೇಳಿಸುವಂತೆ ಹೇಳಬಹುದು ಎಂಬ ಪ್ರಶ್ನೆ ಅದಕ್ಕಿಂತ ಕಡಿಮೆಯದೇನಲ್ಲ. ಈಗಿನ ಜಗಳವೆಲ್ಲ ಅಲ್ಲೇ ಇದೆ ಎಂಬುದು ನನ್ನ ನಂಬಿಕೆ.

ಅರ್ಜಿಯಿಂದ ಬೀದಿಗೆ

ಮೈಸೂರು ಸಂಸ್ಥಾನದಲ್ಲಿ 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಶುರುವಾಗಿತ್ತು. ಪ್ರತಿನಿಧಿಗಳು ದಿವಾನರ ಮುಂದೆ ಅಹವಾಲು ಹೇಳಬಹುದಿತ್ತು, ತೀರ್ಮಾನ ಮಾತ್ರ ಅವರ ಕೈಲಿರಲಿಲ್ಲ. ಪತ್ರಿಕೆಗಳು ದನಿ ಎತ್ತರಿಸಿದಾಗ 1908ರಲ್ಲಿ ಪತ್ರಿಕಾ ನಿರ್ಬಂಧ ಕಾಯಿದೆ ಬಂತು. ಅದನ್ನು ಪ್ರತಿಭಟಿಸಿ ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಕೇಳುವವರು ದಯೆ ತೋರಿದಷ್ಟೇ ಮಾತು ಎಂಬ ವ್ಯವಸ್ಥೆ ಎಷ್ಟು ತೆಳುವಾದದ್ದೆಂದು ಅಲ್ಲಿಗೆ ತಿಳಿದುಹೋಯಿತು.

ಮುಂದಿನ ಘಟ್ಟ 1938ರದು. ಏಪ್ರಿಲ್ 11ರಂದು ಮದ್ದೂರು ಬಳಿಯ ಶಿವಪುರದಲ್ಲಿ ನಿಷೇಧಾಜ್ಞೆ ಮುರಿದು ಕಾಂಗ್ರೆಸ್ ಧ್ವಜ ಹಾರಿಸಿದರು, ಬಂಧನಗಳಾದವು. ಎರಡು ವಾರದ ಮೇಲೆ, ಏಪ್ರಿಲ್ 25ರಂದು, ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಗುಂಡು ಹಾರಿತು. ಸತ್ತವರು ಎಷ್ಟು ಎಂಬುದರಲ್ಲಿ ಆಗಿನ ಸರ್ಕಾರದ ಲೆಕ್ಕವೇ ಬೇರೆ, ಜನರ ಲೆಕ್ಕವೇ ಬೇರೆ. ಅಲ್ಲಿ ಸೇರಿದವರು ಕೈಯಲ್ಲಿ ಹಿಡಿದದ್ದು ಒಂದು ಬಟ್ಟೆಯ ಬಾವುಟ. ಅದರ ಪರಿಣಾಮ ದೊಡ್ಡದಾಯಿತು. ಸರ್ದಾರ್ ಪಟೇಲರೂ ದಿವಾನ್ ಮಿರ್ಜಾ ಇಸ್ಮಾಯಿಲರೂ ಮಾತುಕತೆ ನಡೆಸಿದರು, ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ಸಿಕ್ಕಿತು, ಸಂಸ್ಥಾನದ ಬಾವುಟದ ಜೊತೆ ಆ ಬಾವುಟವೂ ಹಾರಬಹುದೆಂದಾಯಿತು. ಐವತ್ತೇಳು ವರ್ಷಗಳ ಅಹವಾಲು ಕೊಡಿಸದ್ದನ್ನು ಕೆಲವೇ ವಾರಗಳ ಬೀದಿ ಹೋರಾಟ ಕೊಡಿಸಿತು. ಕನ್ನಡ ನಾಡಿನಲ್ಲಿ ಪ್ರತಿಭಟನೆಗೆ ಇರುವ ಮರ್ಯಾದೆಯ ಬೇರು ಇಲ್ಲಿದೆ. 1951ರ ಕಾಗೋಡಿನ ಗೇಣಿದಾರರ ಸತ್ಯಾಗ್ರಹ, 1980ರ ನರಗುಂದ–ನವಲಗುಂದದ ರೈತ ಬಂಡಾಯ, 1982ರ ಕನ್ನಡಕ್ಕಾಗಿ ನಡೆದ ಗೋಕಾಕ್ ಚಳವಳಿ, ಎಲ್ಲಕ್ಕೂ ಹಿನ್ನೆಲೆಯಾಗಿ ಈ ನೆನಪಿತ್ತು.

ಸಂವಿಧಾನ ಕೊಟ್ಟದ್ದು, ಬೇಗನೆ ತಿದ್ದಿದ್ದು

ಸಂವಿಧಾನದ 19ನೇ ವಿಧಿ ನಾಗರಿಕರಿಗೆ ಮಾತಿನ ಹಕ್ಕನ್ನೂ, ಶಾಂತವಾಗಿ, ಆಯುಧವಿಲ್ಲದೆ ಸೇರುವ ಹಕ್ಕನ್ನೂ ಕೊಟ್ಟಿತು. ಸಂವಿಧಾನ ರಚನಾ ಸಭೆ ಮಾತಿನ ಮೇಲಿನ ನಿರ್ಬಂಧಗಳ ಪಟ್ಟಿಯಿಂದ ರಾಜದ್ರೋಹವನ್ನು ಕೈಬಿಟ್ಟಿತ್ತು. 1950ರ ಮೇನಲ್ಲಿ ಸುಪ್ರೀಂ ಕೋರ್ಟ್ ಒಂದೇ ದಿನ ಎರಡು ತೀರ್ಪು ಕೊಟ್ಟಿತು: ಎಡಪಂಥೀಯ ವಾರಪತ್ರಿಕೆ ‘ಕ್ರಾಸ್ ರೋಡ್ಸ್’ ಮೇಲಿನ ನಿಷೇಧವೂ ಬಲಪಂಥೀಯ ‘ಆರ್ಗನೈಸರ್’ ಮೇಲಿನ ಪೂರ್ವಪರಿಶೀಲನೆಯ ಆದೇಶವೂ ರದ್ದಾದವು. ಎರಡು ವಿರುದ್ಧ ತುದಿಗಳ ಪತ್ರಿಕೆಗಳಿಗೆ ಒಂದೇ ಹಕ್ಕು ಕಾವಲಾಗಿ ನಿಂತ ಆ ದಿನ ನಮ್ಮ ಗಣರಾಜ್ಯದ ಒಳ್ಳೆಯ ದಿನಗಳಲ್ಲೊಂದು.

ಸರ್ಕಾರಕ್ಕೆ ಅದು ರುಚಿಸಲಿಲ್ಲ. 1951ರ ಮೊದಲ ತಿದ್ದುಪಡಿ ‘ಸಾರ್ವಜನಿಕ ಸುವ್ಯವಸ್ಥೆ’ಯನ್ನು ಮಾತಿಗೆ ಕಡಿವಾಣ ಹಾಕುವ ಕಾರಣಗಳಲ್ಲಿ ಸೇರಿಸಿತು. ನಿರ್ಬಂಧ ‘ಸಮಂಜಸ’ವಾಗಿರಬೇಕು ಎಂಬ ಷರತ್ತನ್ನೂ ಅದೇ ತಿದ್ದುಪಡಿ ತಂದಿತು. ಅಂದಿನಿಂದ ಕೋರ್ಟುಗಳ ಕೆಲಸವೆಲ್ಲ ಈ ಎರಡು ಮಾತುಗಳ ನಡುವಿನ ತೂಗಾಟವೇ. ನೀರಾವರಿ ಕಂದಾಯ ಕಟ್ಟಬೇಡಿ ಎಂದು ರೈತರಿಗೆ ಕರೆಕೊಟ್ಟು ಬಂಧನಕ್ಕೊಳಗಾಗಿದ್ದ ರಾಮಮನೋಹರ ಲೋಹಿಯಾ ಅವರ ಪ್ರಕರಣದಲ್ಲಿ, ಮಾತಿಗೂ ಗಲಭೆಗೂ ಹತ್ತಿರದ ನಂಟು ಇರಬೇಕು, ಎಲ್ಲೋ ಹೇಗೋ ಏನೋ ಆದೀತು ಎಂಬ ಊಹೆ ಸಾಲದು ಎಂದು 1960ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1962ರಲ್ಲಿ ಬಿಹಾರದ ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ, ಮೆರವಣಿಗೆ–ಪ್ರದರ್ಶನಗಳೂ ಒಂದು ಬಗೆಯ ಮಾತೇ ಎಂದು ಒಪ್ಪಿತು. ಇನ್ನೊಂದು ಕಡೆ, ಜನ ಸೇರದಂತೆ ನಿಷೇಧಾಜ್ಞೆ ಹೊರಡಿಸಲು ಬಳಸುವ ವಸಾಹತು ಕಾಲದ 144ನೇ ಸೆಕ್ಷನ್ ಊರ್ಜಿತವೆಂದು 1961ರಲ್ಲೂ 1970ರಲ್ಲೂ ಎತ್ತಿಹಿಡಿಯಿತು. 2024ರ ಜುಲೈನಿಂದ ಅದು ಹೊಸ ಸಂಹಿತೆಯಲ್ಲಿ 163ನೇ ಸೆಕ್ಷನ್. ನಂಬರ್ ಬದಲಾಯಿತು, ಕೈಗೆ ಸಿಗುವ ಅಧಿಕಾರ ಹೆಚ್ಚುಕಮ್ಮಿ ಅದೇ.

ಈ ಹಕ್ಕು ಯಾಕೆ ಬೇಕು: ನಾಲ್ಕು ಉತ್ತರ

ಎಲ್ಲರಿಗೂ ಪರಿಚಿತವಾದ ಉತ್ತರ ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಕೊಟ್ಟದ್ದು: ತಪ್ಪು ಮಾತಿನ ಜೊತೆ ಸೆಣಸಿದರಷ್ಟೇ ಸರಿಯಾದ ಮಾತು ಜೀವಂತವಾಗಿರುತ್ತದೆ. ಪುಸ್ತಕ, ಪತ್ರಿಕೆ, ವಿಶ್ವವಿದ್ಯಾಲಯದ ಮಟ್ಟಿಗೆ ಈ ವಾದ ಗಟ್ಟಿ. ಬೀದಿಗೆ ಬಂದರೆ ಮಿಲ್ ಕೂಡ ಹಿಂಜರಿಯುತ್ತಾರೆ. ಧಾನ್ಯದ ವ್ಯಾಪಾರಿಗಳು ಬಡವರನ್ನು ಉಪವಾಸ ಕೆಡವುತ್ತಾರೆಂದು ಪತ್ರಿಕೆಯಲ್ಲಿ ಬರೆಯಬಹುದು, ವ್ಯಾಪಾರಿಯ ಮನೆ ಮುಂದೆ ಕೆರಳಿ ನಿಂತ ಗುಂಪಿನೆದುರು ಅದನ್ನೇ ಹೇಳಿದರೆ ಶಿಕ್ಷಿಸಬಹುದು ಎಂಬುದು ಅವರ ಉದಾಹರಣೆ. ಅಂದರೆ ಮಾತಿನ ಹಕ್ಕಿನ ಅತಿ ದೊಡ್ಡ ವಕೀಲರೇ ಜಾಗದ ಪ್ರಶ್ನೆಯನ್ನು ಬಾಗಿಲಲ್ಲೇ ಎತ್ತಿದ್ದರು.

ಎರಡನೆಯದು ಸ್ವಯಮಾಡಳಿತದ ವಾದ. ಅಮೆರಿಕದ ಅಲೆಕ್ಸಾಂಡರ್ ಮೈಕಲ್‌ಜಾನ್ 1948ರಲ್ಲಿ ಊರ ಸಭೆಯ ಚಿತ್ರ ಇಟ್ಟುಕೊಂಡು ಇದನ್ನು ಬೆಳೆಸಿದರು. ಸಭೆಗೊಬ್ಬ ಅಧ್ಯಕ್ಷರಿರುತ್ತಾರೆ, ಸರದಿಯಂತೆ ಮಾತಾಡಿಸುತ್ತಾರೆ, ಗದ್ದಲ ಮಾಡಿದವರನ್ನು ಕೂರಿಸುತ್ತಾರೆ. ಎಲ್ಲರೂ ಮಾತಾಡಲೇಬೇಕೆಂದಿಲ್ಲ, ತೀರ್ಮಾನಕ್ಕೆ ಬೇಕಾದ ಯಾವ ಮಾತೂ ಬಿಟ್ಟುಹೋಗಬಾರದು. ಸಮಯ, ಸ್ಥಳ, ವಿಧಾನದ ನಿಯಮಗಳನ್ನು ಸಮರ್ಥಿಸುವವರ ಕೈಗೆ ಇದು ಒಳ್ಳೆಯ ಆಧಾರ. ಆದರೆ ಈ ಚಿತ್ರ ಒಂದು ಸಂಗತಿಯನ್ನು ಸುಮ್ಮನೆ ಒಪ್ಪಿಕೊಂಡಿದೆ: ತೀರ್ಮಾನ ಮಾಡುವವರು ಅದೇ ಸಭೆಯಲ್ಲಿ ಕೂತಿದ್ದಾರೆ ಎಂದು. ಮಾತಾಡುವವರು ಒಂದು ಕಡೆ, ತೀರ್ಮಾನಿಸುವವರು ಒಂದೆರಡು ಕಿಲೋಮೀಟರ್ ಆಚೆ ವಿಧಾನಸೌಧದಲ್ಲಿ ಇದ್ದರೆ ಅಧ್ಯಕ್ಷರ ಶಿಸ್ತಿಗೆ ಅರ್ಥವೇನು?

ಮೂರನೆಯ ವಾದಕ್ಕೆ ನಮ್ಮ ನೆಲದ ಅನುಭವವೇ ಆಧಾರ. ಸ್ವತಂತ್ರ ಪತ್ರಿಕೆಗಳು ಮತ್ತು ವಿರೋಧ ಪಕ್ಷಗಳಿರುವ ಪ್ರಜಾಪ್ರಭುತ್ವದಲ್ಲಿ ದೊಡ್ಡ ಕ್ಷಾಮ ಸಂಭವಿಸಿಲ್ಲ ಎಂದು ಅಮರ್ತ್ಯ ಸೇನ್ ತೋರಿಸಿದರು. 1943ರ ಬಂಗಾಳ ಕ್ಷಾಮ ಬ್ರಿಟಿಷರ ಕಾಲದ್ದು. ಹಸಿದವರ ಕೂಗು ಆಳುವವರಿಗೆ ಮುಟ್ಟಿದರೆ ಅವರು ಕುರ್ಚಿ ಉಳಿಸಿಕೊಳ್ಳಲಾದರೂ ಅಕ್ಕಿ ಕಳಿಸುತ್ತಾರೆ. ಇಲ್ಲಿ ಪ್ರತಿಭಟನೆ ಹಕ್ಕಾಗಿ ಮಾತ್ರವಲ್ಲ, ಸರ್ಕಾರಕ್ಕೆ ಸುದ್ದಿ ಮುಟ್ಟಿಸುವ ದಾರಿಯಾಗಿಯೂ ಬೆಲೆಯುಳ್ಳದ್ದು.

ನಾಲ್ಕನೆಯದು ದನಿಯಿಲ್ಲದವರ ವಾದ. ಪತ್ರಿಕೆಯಲ್ಲಿ ಅಂಕಣ ಬರೆಯುವವರಿಗೆ, ಶಾಸಕರ ಮೊಬೈಲ್ ನಂಬರ್ ಇರುವವರಿಗೆ, ಹೈಕೋರ್ಟಿಗೆ ಹೋಗಲು ದುಡ್ಡಿರುವವರಿಗೆ ಬೀದಿ ಬೇಕಾಗಿಲ್ಲ. ಅಂಗನವಾಡಿ ಕಾರ್ಯಕರ್ತೆಗೆ, ಪೌರಕಾರ್ಮಿಕರಿಗೆ, ಜಮೀನು ಹೋಗುವ ರೈತನಿಗೆ ಇರುವುದು ತಮ್ಮ ಮೈಯೊಂದೇ. ಅದನ್ನು ಎಲ್ಲರ ಕಣ್ಣಿಗೆ ಬೀಳುವ ಕಡೆ ತಂದು ಕೂರಿಸುವುದೇ ಅವರ ಮಾತು. 2017ರ ಮಾರ್ಚ್‌ನಲ್ಲಿ ಊರೂರುಗಳಿಂದ ಬಂದ ಅಂಗನವಾಡಿ ಕಾರ್ಯಕರ್ತೆಯರು ಹಗಲು ರಾತ್ರಿ ಬೆಂಗಳೂರಿನ ರಸ್ತೆಯಲ್ಲೇ ಕೂತರು, ಬ್ಯಾಗನ್ನೇ ದಿಂಬು ಮಾಡಿಕೊಂಡು ಮಲಗಿದರು. ಗೌರವಧನ ಎಂಬ ಹೆಸರಿನಲ್ಲಿ ಅವರಿಗೆ ಸಿಗುತ್ತಿರುವುದು ಎಷ್ಟೆಂದು ನಗರದ ಎಷ್ಟೋ ಜನರಿಗೆ ಗೊತ್ತಾದದ್ದು ಆಗಲೇ.

ಅಂಬೇಡ್ಕರ್ ಎತ್ತಿದ ಆಕ್ಷೇಪ

ಈ ನಾಲ್ಕಕ್ಕೂ ಎದುರು ನಿಲ್ಲುವ ಗಂಭೀರ ವಾದ ಅಂಬೇಡ್ಕರರದು, ಅದನ್ನು ಹಗುರವಾಗಿ ದಾಟುವಂತಿಲ್ಲ. 1949ರ ನವೆಂಬರ್ 25ರಂದು ಸಂವಿಧಾನ ರಚನಾ ಸಭೆಯಲ್ಲಿ ಅವರು ಎಚ್ಚರಿಸಿದರು: ಸಂವಿಧಾನದ ದಾರಿ ತೆರೆದ ಮೇಲೆ ಸತ್ಯಾಗ್ರಹ, ಅಸಹಕಾರ, ಕಾಯಿದೆ ಭಂಗಗಳನ್ನು ಕೈಬಿಡಬೇಕು, ಇಲ್ಲದಿದ್ದರೆ ಅರಾಜಕತೆಗೆ ದಾರಿ ಮಾಡಿಕೊಟ್ಟಂತೆ. ಹೇಳಿದವರು 1927ರಲ್ಲಿ ಮಹಾಡದ ಕೆರೆಯ ನೀರಿಗಾಗಿ ಸತ್ಯಾಗ್ರಹ ಮಾಡಿದವರು, 1930ರಲ್ಲಿ ನಾಸಿಕದ ಕಾಳಾರಾಮ ದೇವಸ್ಥಾನದ ಪ್ರವೇಶ ಹೋರಾಟ ನಡೆಸಿದವರು. ಬೀದಿಯ ಬೆಲೆ ಗೊತ್ತಿದ್ದೇ ಆಡಿದ ಮಾತು ಅದು. ಸಂಖ್ಯೆಯ ಬಲವಿರುವ ಮೇಲ್ಜಾತಿಗಳು ಬೀದಿಯನ್ನು ಹಿಡಿದುಕೊಂಡರೆ ಅಲ್ಪಸಂಖ್ಯಾತರಿಗೂ ದಲಿತರಿಗೂ ಕಾನೂನೊಂದೇ ರಕ್ಷಣೆ ಎಂಬ ಭಯ ಅದರ ಹಿಂದೆ ಇದ್ದಿರಬೇಕು ಎಂದು ನಾನು ಓದಿಕೊಳ್ಳುತ್ತೇನೆ.

ಅವರ ಮಾತಿನಲ್ಲೇ ಒಂದು ಷರತ್ತೂ ಅಡಗಿದೆ: ಸಂವಿಧಾನದ ದಾರಿ ನಿಜವಾಗಿ ತೆರೆದಿರಬೇಕು. ಲೋಹಿಯಾ ಪರಂಪರೆಯವರು ಹಿಡಿದದ್ದು ಈ ಎಳೆಯನ್ನು. ಐದು ವರ್ಷಕ್ಕೊಂದು ಮತ ಮಾತ್ರ ದಾರಿಯಾದರೆ ನಡುವಿನ ಸಾವಿರದೆಂಟುನೂರು ದಿನ ಜನ ಏನು ಮಾಡಬೇಕು? ಹಿಂಸೆಯಿಲ್ಲದೆ, ಶಿಕ್ಷೆಗೆ ಸಿದ್ಧರಾಗಿ ಕಾನೂನು ಮುರಿಯುವುದು ಸಂವಿಧಾನವನ್ನು ಗೌರವಿಸುವ ಇನ್ನೊಂದು ಬಗೆ ಎಂಬುದು ಅವರ ಉತ್ತರ. ಸಂಶೋಧಕರಾದ ಎರಿಕಾ ಚೆನೊವೆತ್ ಮತ್ತು ಮರಿಯಾ ಸ್ಟೀಫನ್ 1900ರಿಂದ 2006ರವರೆಗಿನ 323 ಹೋರಾಟಗಳನ್ನು ಲೆಕ್ಕ ಹಾಕಿದಾಗ, ಅಹಿಂಸೆಯ ಹೋರಾಟಗಳು ಹಿಂಸೆಯ ಹೋರಾಟಗಳಿಗಿಂತ ಎರಡು ಪಟ್ಟು ಹೆಚ್ಚು ಗೆದ್ದದ್ದು ಕಂಡಿತು. ಅವು ಬಹುಪಾಲು ಆಳ್ವಿಕೆಯನ್ನೇ ಬದಲಿಸಲು ಹೊರಟ ಹೋರಾಟಗಳು. ಸಂಬಳ, ನೀರು, ಜಮೀನಿನ ಬೇಡಿಕೆಗೆ ಆ ಲೆಕ್ಕವನ್ನು ಹಾಗೇ ಅಂಟಿಸಲಾಗದು.

ಪ್ರತಿಭಟನೆಯೇ ಬಾಯಿ ಮುಚ್ಚಿಸಿದಾಗ

ಮಾತಿನ ಹಕ್ಕೂ ಪ್ರತಿಭಟನೆಯ ಹಕ್ಕೂ ಅಕ್ಕ–ತಂಗಿಯರೆಂದು ನಂಬುವವರು 1973ರ ಬೂಸಾ ಪ್ರಕರಣವನ್ನು ನೆನೆಯಬೇಕು. ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚಿದೆ ಎಂಬರ್ಥದ ಮಾತಾಡಿದರು. ರಾಜ್ಯದ ಉದ್ದಗಲಕ್ಕೂ ಪ್ರತಿಭಟನೆ ಎದ್ದಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಕೊನೆಗೆ ಸಚಿವರು ರಾಜೀನಾಮೆ ಕೊಡಬೇಕಾಯಿತು. ಸಾಹಿತ್ಯದ ಬಗೆಗಿನ ಒಂದು ಅಭಿಪ್ರಾಯಕ್ಕೆ ಆ ಬೆಲೆ ತೆತ್ತರು. ಬೀದಿಗಿಳಿದವರಿಗೆ ಪ್ರತಿಭಟಿಸುವ ಹಕ್ಕಿರಲಿಲ್ಲವೇ? ಇತ್ತು. ಹಲ್ಲೆ ಮಾಡುವ ಹಕ್ಕಿರಲಿಲ್ಲ. ಆ ನೋವಿನಿಂದಲೇ ಕೆಲವೇ ವರ್ಷಗಳಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆಯಿತು, ಕನ್ನಡ ಸಾಹಿತ್ಯಕ್ಕೆ ಅಲ್ಲಿಯವರೆಗೆ ಇಲ್ಲದಿದ್ದ ದನಿಗಳು ಬಂದವು.

ಗದ್ದಲವಾಗುತ್ತದೆ ಎಂಬ ಕಾರಣಕ್ಕೆ ಮಾತನ್ನು ನಿಲ್ಲಿಸಿದರೆ ಗದ್ದಲ ಮಾಡುವವರಿಗೆ ವೀಟೋ ಕೊಟ್ಟಂತೆ. ಸುಪ್ರೀಂ ಕೋರ್ಟಿನ 1989ರ ರಂಗರಾಜನ್ ತೀರ್ಪು ಇದನ್ನು ಸ್ಪಷ್ಟ ಮಾಡಿತು: ಬೆದರಿಕೆ ಇದೆ ಎಂದು ಸಿನಿಮಾ ನಿಲ್ಲಿಸುವಂತಿಲ್ಲ, ರಕ್ಷಣೆ ಕೊಡುವುದು ಸರ್ಕಾರದ ಕೆಲಸ. 2025ರ ಜೂನ್‌ನಲ್ಲಿ ಕಮಲ್ ಹಾಸನ್ ಅವರ ‘ಥಗ್ ಲೈಫ್’ ಕರ್ನಾಟಕದಲ್ಲಿ ಬಿಡುಗಡೆಯಾಗದೆ ನಿಂತಾಗ ಸುಪ್ರೀಂ ಕೋರ್ಟ್ ಇದೇ ಮಾತನ್ನು ನಮ್ಮ ಸರ್ಕಾರಕ್ಕೆ ನೆನಪಿಸಬೇಕಾಯಿತು. ಕನ್ನಡದ ಹುಟ್ಟಿನ ಬಗ್ಗೆ ಆ ನಟ ಆಡಿದ ಮಾತನ್ನು ಖಂಡಿಸಲು ನಮಗೆ ಎಲ್ಲ ಹಕ್ಕೂ ಇದೆ, ಚಿತ್ರಮಂದಿರಕ್ಕೆ ಬೀಗ ಹಾಕಿಸುವ ಹಕ್ಕಿಲ್ಲ. ಬಂದ್ ಕುರಿತೂ ಇದೇ ತರ್ಕ. ಅಂಗಡಿ ಮುಚ್ಚುವಂತೆ ಕೇಳಿಕೊಳ್ಳಬಹುದು, ಒತ್ತಾಯದಿಂದ ಶಟರ್ ಎಳೆಸುವಂತಿಲ್ಲ ಎಂಬ ನಿಲುವನ್ನು ಕೇರಳ ಹೈಕೋರ್ಟ್ 1997ರಲ್ಲಿ ತಳೆಯಿತು, ಸುಪ್ರೀಂ ಕೋರ್ಟ್ ಒಪ್ಪಿತು. ಆಮೇಲೂ ಬಂದ್‌ಗಳು ನಡೆದೇ ಇವೆ.

ಜಾಗದ ಜಗಳ

ಅಹಮದಾಬಾದಿನ ಹಿಮ್ಮತ್‌ಲಾಲ್ ಶಾ ಪ್ರಕರಣದಲ್ಲಿ 1972ರಲ್ಲೇ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತ್ತು: ಸಾರ್ವಜನಿಕ ರಸ್ತೆಯಲ್ಲಿ ಸಭೆಗಳನ್ನು ಸರ್ಕಾರ ನಿಯಂತ್ರಿಸಬಹುದು, ಪೂರ್ತಿ ಮುಚ್ಚಿಬಿಡುವಂತಿಲ್ಲ, ಪೊಲೀಸ್ ಅಧಿಕಾರಿಯ ಇಷ್ಟಾನಿಷ್ಟಕ್ಕೆ ಅನುಮತಿಯನ್ನು ಬಿಡುವಂತಿಲ್ಲ. 2018ರಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿಗೆ ಬಿದ್ದಿದ್ದ ತಡೆಯನ್ನು ಸುಪ್ರೀಂ ಕೋರ್ಟ್ ತೆಗೆಯಿತು. ಎರಡೇ ವರ್ಷದ ಮೇಲೆ, 2020ರ ಅಕ್ಟೋಬರ್‌ನಲ್ಲಿ, ದೆಹಲಿಯ ಶಾಹೀನ್ ಬಾಗ್ ಧರಣಿಯ ಪ್ರಕರಣದಲ್ಲಿ ಅದೇ ಕೋರ್ಟಿನ ಮೂವರ ಪೀಠ ರಸ್ತೆಯನ್ನು ಅನಿರ್ದಿಷ್ಟ ಕಾಲ ಹಿಡಿದು ಕೂರುವಂತಿಲ್ಲ, ಪ್ರತಿಭಟನೆ ಗೊತ್ತುಪಡಿಸಿದ ಜಾಗದಲ್ಲೇ ನಡೆಯಬೇಕು ಎಂದಿತು. ಆ ತೀರ್ಪಿನ ಮೊದಲ ಅರ್ಧವನ್ನು ಒಪ್ಪುವುದು ಕಷ್ಟವಲ್ಲ. ಎರಡನೆಯ ಅರ್ಧ ಹಳೆಯ ಐವರ ಪೀಠದ ಮಾತಿನ ಜೊತೆ ಹೇಗೆ ಹೊಂದುತ್ತದೆಂದು ನನಗೆ ಕಾಣುತ್ತಿಲ್ಲ.

ಬೆಂಗಳೂರಿನ ಕಥೆ ಈ ಎರಡರ ನಡುವೆ ನಡೆದದ್ದು. 2019ರ ಡಿಸೆಂಬರ್ 18ರಂದು, ಪೌರತ್ವ ತಿದ್ದುಪಡಿ ಕಾಯಿದೆ ವಿರುದ್ಧ ಜನ ಸೇರುವ ಮುನ್ನಾದಿನ, ನಗರದಾದ್ಯಂತ 144 ಜಾರಿಯಾಯಿತು. ಆಗಲೇ ಕೊಟ್ಟಿದ್ದ ಅನುಮತಿಗಳೂ ರದ್ದಾದವು. ಮರುದಿನ ಟೌನ್ ಹಾಲ್ ಮುಂದೆ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಪತ್ರಕರ್ತರ ಜೊತೆ ಮಾತಾಡುತ್ತಿದ್ದಾಗಲೇ ಪೊಲೀಸರು ಎಳೆದೊಯ್ದರು. 2020ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ನಿಷೇಧಾಜ್ಞೆ ಕಾನೂನಿನ ಕಣ್ಣಲ್ಲಿ ನಿಲ್ಲುವುದಿಲ್ಲ ಎಂದಿತು. ತೀರ್ಪು ಬರುವ ಹೊತ್ತಿಗೆ ಆಜ್ಞೆಯ ಅವಧಿ ಮುಗಿದು ಹೆಚ್ಚುಕಮ್ಮಿ ಎರಡು ತಿಂಗಳಾಗಿತ್ತು. ಈ ಹಕ್ಕಿನ ದೊಡ್ಡ ಕಷ್ಟವೇ ಇದು. ತಡವಾಗಿ ಸಿಕ್ಕ ನ್ಯಾಯದಿಂದ ಆ ದಿನದ ಸಭೆ ಮತ್ತೆ ಸೇರುವುದಿಲ್ಲ.

ಆಮೇಲೆ ಸಂಚಾರದ ತೊಂದರೆಯನ್ನು ಅದೇ ಹೈಕೋರ್ಟ್ ತಾನಾಗಿ ಕೈಗೆತ್ತಿಕೊಂಡಿತು, ಪ್ರತಿಭಟನೆಗಳಿಗೆ ಪರವಾನಗಿ ವಿಧಿಸುವ 2021ರ ಆದೇಶ ಬಂತು, ಫ್ರೀಡಂ ಪಾರ್ಕ್ ಏಕೈಕ ಜಾಗವಾಯಿತು. ಆಂಬುಲೆನ್ಸ್ ಸಿಕ್ಕಿಬೀಳುವ ಭಯ, ದಿನಗೂಲಿ ಕಳೆದುಕೊಳ್ಳುವ ಆಟೊ ಚಾಲಕನ ಸಿಟ್ಟು ಸುಳ್ಳಲ್ಲ. ಆದರೆ 2023ರ ಚುನಾವಣೆಯ ಹೊತ್ತಿನಲ್ಲಿ ಕಿಲೋಮೀಟರ್‌ಗಟ್ಟಲೆ ರೋಡ್ ಶೋಗೆ ಇದೇ ನಗರದ ರಸ್ತೆಗಳು ತೆರವಾದವು. ತೊಂದರೆಯ ಅಳತೆಗೋಲು ಎಲ್ಲರಿಗೂ ಒಂದೇ ಆಗಿರಬೇಕಲ್ಲವೇ?

ಈ ಏರ್ಪಾಟಿನಿಂದ ಏನು ತಪ್ಪಿಹೋಗುತ್ತದೆ ಎಂಬುದಕ್ಕೆ 2016ರ ಏಪ್ರಿಲ್ ಒಳ್ಳೆಯ ಸಾಕ್ಷಿ. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮದ ಸುದ್ದಿ ಗಾರ್ಮೆಂಟ್ಸ್‌ಗಳ ಹೊಲಿಗೆ ಸಾಲುಗಳಿಗೆ ಮುಟ್ಟಿತು. ಕೆಲವು ವರ್ಷ ದುಡಿದು ಕೆಲಸ ಬಿಡುವ ಹೆಣ್ಣುಮಕ್ಕಳಿಗೆ ಆ ದುಡ್ಡೇ ಮಗಳ ಮದುವೆ, ಸ್ಕೂಲ್ ಫೀಸು, ಕೈಸಾಲದ ತೀರುವಳಿ. ಅವರು ಹೊಸೂರು ರಸ್ತೆಗೆ, ಆಮೇಲೆ ನಗರದ ಬೇರೆ ಹೆದ್ದಾರಿಗಳಿಗೆ ಇಳಿದರು. ಕರೆ ಕೊಟ್ಟ ನಾಯಕರಿರಲಿಲ್ಲ, ಅರ್ಜಿ ಹಾಕಲು ಸಮಯವೂ ಇರಲಿಲ್ಲ. ಎರಡನೆಯ ದಿನ ಕಲ್ಲು ತೂರಾಟ, ಲಾಠಿ, ಬೆಂಕಿ ಎಲ್ಲವೂ ಆಯಿತು. ಅದು ಮರೆಮಾಚುವ ಸಂಗತಿಯಲ್ಲ. ಅದೇ ದಿನ ಕೇಂದ್ರ ಸರ್ಕಾರ ನಿಯಮ ಹಿಂತೆಗೆಯಿತು, ಇಡೀ ದೇಶದ ಕಾರ್ಮಿಕರಿಗೆ ಅನುಕೂಲವಾಯಿತು. ಮುಂಚಿತವಾಗಿ ಅರ್ಜಿ ಕೊಟ್ಟು, ಷರತ್ತಿಗೆ ಸಹಿ ಹಾಕಿ ಉದ್ಯಾನದಲ್ಲಿ ಕೂತಿದ್ದರೆ ಅಷ್ಟು ಬೇಗ ಆಗುತ್ತಿತ್ತೆಂದು ನಂಬುವುದು ಕಷ್ಟ.

ಇದಕ್ಕೆ ಎದುರು ಸಾಕ್ಷಿಯೂ ಇದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆ ಭೂಸ್ವಾಧೀನದ ವಿರುದ್ಧ ಮೂರು ವರ್ಷಕ್ಕೂ ಹೆಚ್ಚು ಕಾಲ ಊರಲ್ಲೇ ಧರಣಿ ಕೂತರು. 2025ರ ಜೂನ್ 25ರ ‘ದೇವನಹಳ್ಳಿ ಚಲೋ’ ದಿನ ಪೊಲೀಸರು ಅವರನ್ನು ಎತ್ತಿಕೊಂಡು ಹೋದರು. ಧರಣಿ ಫ್ರೀಡಂ ಪಾರ್ಕಿಗೆ ಬಂತು, ಸಾಹಿತಿಗಳು, ಕಲಾವಿದರು, ಕಾರ್ಮಿಕ ಸಂಘಟನೆಗಳು ಜೊತೆ ನಿಂತವು, ಜುಲೈ 15ರಂದು ಮುಖ್ಯಮಂತ್ರಿ ಸ್ವಾಧೀನ ಕೈಬಿಡುವುದಾಗಿ ಘೋಷಿಸಿದರು. ಗೊತ್ತುಪಡಿಸಿದ ಜಾಗದಿಂದಲೂ ಕೇಳಿಸಬಹುದು ಎನ್ನುವವರಿಗೆ ಇದು ಬಲವಾದ ಆಧಾರ. ಅದಕ್ಕೆ ಮೂರು ವರ್ಷದ ತಾಳ್ಮೆ ಮತ್ತು ಒಂದು ಸಂಜೆಯ ಬಂಧನಗಳು ಎಬ್ಬಿಸಿದ ಆಕ್ರೋಶ ಬೇಕಾದವು ಎಂಬುದನ್ನೂ ಜೊತೆಗಿಟ್ಟು ಓದಬೇಕು.

ಇತ್ಯರ್ಥವಾಗದೆ ಉಳಿದವು

ಪ್ರತಿಭಟನೆಗೆ ಅನುಮತಿ ಬೇಕೋ, ತಿಳಿಸಿದರೆ ಸಾಕೋ? ತಿಳಿಸಿದರೆ ಸಾಕು ಎಂಬುದೇ ಹಕ್ಕಿನ ಸ್ವಭಾವಕ್ಕೆ ಒಪ್ಪುವ ಮಾತೆಂದು ನನ್ನ ಅಭಿಪ್ರಾಯ, ಆದರೆ ಕಾನೂನು ಹಾಗೆ ಹೇಳಿಲ್ಲ. ಗಾರ್ಮೆಂಟ್ಸ್ ಕೆಲಸಗಾರರಂತೆ ತಟ್ಟನೆ ಬೀದಿಗೆ ಬಂದವರನ್ನು ಯಾವ ನಿಯಮದಡಿ ನೋಡಬೇಕು? ಗುಂಪಿನಲ್ಲಿ ನಾಲ್ವರು ಕಲ್ಲೆಸೆದರೆ ಉಳಿದ ನಾಲ್ಕು ಸಾವಿರ ಜನರ ಸಭೆ ‘ಶಾಂತ’ ಎಂಬ ರಕ್ಷಣೆ ಕಳೆದುಕೊಳ್ಳುತ್ತದೆಯೇ? ನಷ್ಟ ಕಟ್ಟಿಕೊಡಬೇಕಾದವರು ಕರೆ ಕೊಟ್ಟವರೇ, ಕಲ್ಲೆಸೆದವರೇ?

19ನೇ ವಿಧಿ ನಾಗರಿಕರಿಗೆ ಮಾತ್ರ. ಬೈಲಕುಪ್ಪೆ, ಮುಂಡಗೋಡಗಳಲ್ಲಿ ಹುಟ್ಟಿ ಬೆಳೆದು, ಭಾರತದ ಪೌರತ್ವ ಪಡೆಯದೆ ಇರುವ ಟಿಬೆಟನ್ನರಿಗೆ ಈ ಹಕ್ಕು ಸಂವಿಧಾನದಲ್ಲಿ ಬರೆದಂತೆ ಇಲ್ಲ. ಟೆಕ್ ಪಾರ್ಕ್, ಮಾಲ್‌ಗಳಂಥ ಖಾಸಗಿ ಜಾಗಗಳೇ ನಗರದ ಬಯಲುಗಳಾಗುತ್ತಿರುವಾಗ ‘ಸಾರ್ವಜನಿಕ ಸ್ಥಳ’ ಎಂದರೆ ಎಷ್ಟು ಉಳಿಯಿತು? ಆನ್‌ಲೈನ್ ಮಾತನ್ನು ತೆಗೆಸುವ ಕೇಂದ್ರದ ‘ಸಹಯೋಗ್’ ವ್ಯವಸ್ಥೆಯನ್ನು ಪ್ರಶ್ನಿಸಿ ಎಕ್ಸ್ ಕಂಪನಿ ಹಾಕಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು. ಬೀದಿಯ ಜಾಗದ ಪ್ರಶ್ನೆ ಪರದೆಯ ಮೇಲೂ ಎದ್ದಿದೆ.

ಇವೆಲ್ಲಕ್ಕಿಂತ ಕಡಿಮೆ ಚರ್ಚೆಯಾದದ್ದು ಇನ್ನೊಂದಿದೆ. ಅಮೆರಿಕದ ಸಂವಿಧಾನದಲ್ಲೂ ಜರ್ಮನಿಯ ಮೂಲ ಕಾನೂನಿನಲ್ಲೂ ಸರ್ಕಾರಕ್ಕೆ ಅಹವಾಲು ಸಲ್ಲಿಸುವ ಹಕ್ಕು ಪ್ರತ್ಯೇಕವಾಗಿ ಬರೆದಿದೆ, ನಮ್ಮ 19ನೇ ವಿಧಿಯಲ್ಲಿ ಇಲ್ಲ. ಶಾಮಿಯಾನದ ಕೆಳಗೆ ಕೂತವರ ಮನವಿ ಪತ್ರ ತೆಗೆದುಕೊಳ್ಳಲು ಸಚಿವರೇ ಬರಬೇಕೋ, ಅಧಿಕಾರಿಯೊಬ್ಬರು ಬಂದರೆ ಸಾಕೋ, ಯಾರೂ ಬರದಿದ್ದರೆ ಏನು, ಎಷ್ಟು ದಿನದೊಳಗೆ ಉತ್ತರ ಕೊಡಬೇಕು ಎಂಬುದನ್ನು ಆ ವಿಧಿಯಾಗಲಿ, ಇಲ್ಲಿಯವರೆಗೆ ನೋಡಿದ ತೀರ್ಪುಗಳಾಗಲಿ ಹೇಳುವುದಿಲ್ಲ. ಪ್ರತಿಭಟನೆಗೆ ಒಂದು ಜಾಗವನ್ನು ಗೊತ್ತುಮಾಡುವ ಸರ್ಕಾರಕ್ಕೆ ಆ ಜಾಗಕ್ಕೆ ಬಂದು ಕೇಳಿಸಿಕೊಳ್ಳುವ ಕಾನೂನಿನ ಹೊಣೆಯೂ ಇದೆಯೇ ಎಂಬುದನ್ನು ಯಾರಾದರೂ ಕೋರ್ಟಿನಲ್ಲಿ ಕೇಳಬೇಕಾಗಿದೆ.